ಪಡುಗಡೆಯ ಕಿಟಕಿ

ಅಕ್ಟೋಬರ್ 8, 1985 — ಮಂಗಳವಾರ

ಬೆಳಿಗ್ಗೆಯಿಂದ ಮಾಮಿಗೆ, ಇವರ ಉಮ್ಮನಿಗೆ, ಇದು ಮೂರನೇ ಚಹಾ. ಕುಡಿದದ್ದು ನೆನಪಿರುವುದಿಲ್ಲ. ಲೋಟ ತೊಳೆದು ಕವುಚಿ ಇಟ್ಟ ಕೂಡಲೇ ಶುರು — "ಈ ಮನೆಯಲ್ಲಿ ಮನುಷ್ಯರಿಗೆ ಚಹಾ ಕೊಡುವ ಕ್ರಮ ಇಲ್ವಾ?" ಕೊಟ್ಟೆ. ಅರ್ಧ ಲೋಟ. ನಾಲ್ಕನೆಯದಕ್ಕೆ ಕಾಲು ಲೋಟ ಮಾಡಬೇಕು.

ಇವರಿಗೆ ಈ ವಾರ ಮಾರ್ನಿಂಗ್ ಶಿಫ್ಟ್. ಐದೂವರೆಗೆ ರಿಫೈನರಿಯ ಬಸ್ಸು. ಹೊರಡುವಾಗ ದಿನಾ ಒಂದೇ ಮಾತು, "ಬೀಗ ಹಾಕು ಸುಬೈದಾ." ಮಾಮಿ ಇಳಿದು ಹೋಗದ ಹಾಗೆ ಒಳಗಿನಿಂದ ಹಾಕುತ್ತೇನೆ. ಬೀಗದ ಕೈ ನನ್ನ ಕುತ್ತಿಗೆಯಲ್ಲಿ, ಚಿನ್ನದ ಸರದ ಜೊತೆ. ಸೌದಿಯ ಈ ಯಾನ್ಬುವಿಗೆ ಬಂದು ಎರಡು ವರ್ಷದಲ್ಲಿ ನನಗೆ ಸಿಕ್ಕಿದ ಹೊಸ ಆಭರಣ ಇದೊಂದೇ.

ಡೈರಿ ಹೋದ ವರ್ಷದ್ದು. ಇವರ ಕಂಪೆನಿಯಲ್ಲಿ ಕೊಟ್ಟದ್ದು, ಖಾಲಿ ಬಿದ್ದಿತ್ತು. ತಾರೀಕು ಹೊಡೆದು ಬರೆಯುತ್ತಿದ್ದೇನೆ. ಯಾರು ಓದಲಿಕ್ಕೆ ಅಂತ ಕೇಳಿದರೆ... ಯಾರೂ ಇಲ್ಲ. ನಾಲಿಗೆಗೆ ಕೆಲಸ ಇಲ್ಲದ ಮೇಲೆ ಕೈಗಾದರೂ ಇರಲಿ.

ಇವತ್ತು ನನ್ನೊಡನೆ ಮಾತಾಡಿದವರು: ಇವರು, ಒಂಬತ್ತು ಶಬ್ದ. ಎಣಿಸಿದೆ. ಮಾಮಿ ತುಂಬ ಮಾತಾಡಿದರು, ಆದರೆ ಅದು ನನ್ನೊಡನೆ ಅಲ್ಲ, ಖದೀಜತ್‌ಳೊಡನೆ. ಖದೀಜತ್ ಅಂದರೆ ಅವರ ತಂಗಿ. ತೀರಿಹೋಗಿ ಇಪ್ಪತ್ತು ವರ್ಷ ಆಯಿತಂತೆ. ನಾನೇ ಅವಳು.

ಅಕ್ಟೋಬರ್ 11 — ಶುಕ್ರವಾರ

ಜಗಳ. ಇವರು ಮಸೀದಿಯಿಂದ ಜುಮಾ ಮುಗಿಸಿ ಬರುವಾಗ ಮಾಮಿ ನಮಾಝಿಗೆ ನಿಂತಿದ್ದರು. ಕಿಟಕಿಗೆ ಮುಖ ಮಾಡಿ. ಪಡುಗಡೆಗೆ.

ಊರಲ್ಲಿ ಕಿಬ್ಲಾ, ನಮಾಝಿನ ದಿಕ್ಕು, ಪಡುಗಡೆಗೇ. ಉಳ್ಳಾಲದಲ್ಲಿ ಕಡಲು ಯಾವ ಕಡೆಯೋ ಕಅಬಾ ಆ ಕಡೆ, ಸೂರ್ಯ ಮುಳುಗುವ ಕಡೆ. ಅದನ್ನು ಯಾರೂ ಕಲಿಸಬೇಕೆಂದಿಲ್ಲ. ಇಲ್ಲಿಂದ ಮಕ್ಕಾ ದಕ್ಷಿಣಕ್ಕೆ, ಸ್ವಲ್ಪ ಮೂಡಕ್ಕೆ ವಾಲಿ. ಬಂದ ಮೊದಲ ದಿನ ನಾನೂ ಪಡುಗಡೆಗೇ ಮುಸಲ್ಲ ಹಾಸಿ ನಿಂತಿದ್ದೆ. "ಆಫ್ರಿಕಾದ ಕಡೆಗೆ ಎಂತ ನಮಾಝು ಮಾರಾಯ್ತಿ?" ಅಂತ ಇವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಊರಿನಿಂದ ಬಂದವರೆಲ್ಲ ಒಮ್ಮೆ ಮಾಡುವ ತಪ್ಪು. ಮಾಮಿ ದಿನಕ್ಕೆ ಐದು ಸಲ ಮಾಡುತ್ತಾರೆ. ಅವರ ತಪ್ಪಾ? ಇಲ್ಲಿಯೂ ಕಡಲು ಪಡುಗಡೆಗೇ ಉಂಟು. ಸೂರ್ಯ ಇಲ್ಲಿಯೂ ಅದರಲ್ಲೇ ಮುಳುಗುತ್ತಾನೆ.

ಇವತ್ತು ಇವರು ನಗಲಿಲ್ಲ. ಮಾಮಿಯ ಭುಜ ಹಿಡಿದು ತಿರುಗಿಸಿದರು. ಮಾಮಿ ಕಿರಿಚಿದರು — "ಈ ಗಂಡಸು ಯಾರು? ನನಗೆ ನಮಾಝು ಕಲಿಸ್ಲಿಕ್ಕೆ ಬರ್ತಾನೆ!"

ಇವರ ಮುಖ ನೋಡಲಿಕ್ಕೆ ಆಗಲಿಲ್ಲ. ಉಳ್ಳಾಲದ ಕೋಟೆಪುರದಲ್ಲಿ ಅರ್ಧ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸಿದ ಹೆಂಗಸು. ಇವರೂ ಅದೇ ಚಾಪೆಯಲ್ಲಿ ಕೂತು ಕಲಿತದ್ದು. ಬೆತ್ತದ ಏಟು ತಿಂದದ್ದನ್ನು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ.

ಸಂಜೆ ಒಂದು ದಪ್ಪ ಕಂಬಳಿ ತಂದು ಆ ಕಿಟಕಿಗೆ ಮೊಳೆ ಹೊಡೆದರು. ಹೊಡೆದು ಮುಗಿಸಿ ಅಲ್ಲೇ ಕೂತು, "ಉಮ್ಮ ಹೀಗೆ ಆಗಿದ್ದಾರೆ ಅಂತ ಇಲ್ಲಿ ಯಾರಿಗೂ ಗೊತ್ತಾಗುವುದು ಬೇಡ" ಅಂದರು. ಯಾರಿಗೆ ಗೊತ್ತಾಗಬೇಕು? ಈ ಮನೆಗೆ ಬರುವವರು ಯಾರು? ಮಾಮಿ ಬಂದ ಮೇಲೆ ಇವರೇ ಒಬ್ಬೊಬ್ಬರನ್ನಾಗಿ ಬಾರದ ಹಾಗೆ ಮಾಡಿದ್ದು.

ಅಕ್ಟೋಬರ್ 19 — ಶನಿವಾರ

ಮಾಮಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು ಪಾಕಿಸ್ತಾನಿ, ಒಳ್ಳೆಯ ಮನುಷ್ಯ. ಡಿಮೆನ್ಶಿಯಾ ಅಂದರು. ಊರಲ್ಲಾದರೆ ಅರಳುಮರಳು. ಇಂಗ್ಲಿಷಿನಲ್ಲಿ ಹೇಳಿದರೂ ಮದ್ದಿಲ್ಲ.

"ಮನೆಗೆ ಜನ ಬರ್ತಾರಾ? ಮಾತಾಡಿಸ್ತಾರಾ?" ಅಂತ ಉರ್ದುವಿನಲ್ಲಿ ಕೇಳಿದರು. ಇವರು "ಹಾಂ ಹಾಂ" ಅಂದರು. ನಾನು ನೆಲ ನೋಡಿದೆ.

ಮೇ ತಿಂಗಳಲ್ಲಿ ಉಮ್ರಾಕ್ಕೆ ಕರೆದುಕೊಂಡು ಹೋದಾಗಲೇ ಇದು ಗುಣವಾಗುವುದಲ್ಲ ಅಂತ ನನಗೆ ಅಂದಾಜಾಗಿತ್ತು. ಮಕ್ಕಾದ ದೊಡ್ಡ ಮಸೀದಿ, ಹರಮಿನ ಒಳಗೆ ಆ ಜನಸಾಗರ ನೋಡಿ ಮಾಮಿ ನನ್ನ ಕಿವಿಯಲ್ಲಿ, "ಇದು ಯಾವ ಊರಿನ ಉರೂಸ್?" ಅಂದಿದ್ದರು. ಇವರಿಗೆ ಹೇಳಲಿಲ್ಲ. ಅಳುತ್ತಾ ದುಆ ಮಾಡುತ್ತಿದ್ದರು, ಪಾಪ.

ಊರಿನಿಂದ ದೊಡ್ಡ ಭಾವನ ಕಾಗದ. ಮಾಮಿಯ ವಿಸಿಟ್ ವೀಸಾ ಡಿಸೆಂಬರ್ 15ಕ್ಕೆ ಮುಗಿಯುತ್ತದಲ್ಲ, ಕಳಿಸಿಬಿಡಿ ಅಂತ. "ಹಿಂದಿನ ಕೋಣೆ ರೆಡಿ ಮಾಡಿದ್ದೇವೆ. ಹೊರಗಿನಿಂದ ಚಿಲಕ ಇಡಿಸಿ ಆಯಿತು." ಇವರಿಗೆ ಆ ಕೋಣೆ ಗೊತ್ತು. ಅದೇ ಕೋಣೆಯಿಂದ ಮಾಮಿಯನ್ನು ಹೊರಗೆ ತಂದು ವಿಮಾನ ಹತ್ತಿಸಿದ್ದು ಇವರೇ. ಆಗ ಚಿಲಕ ಇರಲಿಲ್ಲ, ಬಾಗಿಲಿಗೆ ಅಕ್ಕಿಮೂಟೆ ಅಡ್ಡ ಇಟ್ಟಿದ್ದರು.

ಎರಡು ಸಲ ಓದಿ ಕಾಗದ ಮಡಚಿ ಇಟ್ಟರು. ನಂತರ ಹೇಳಿದ್ದು: "ನಮ್ಮೂರಿನ ಹಸನ್ ಕುಂಞಿ ಡಿಸೆಂಬರ್ 12ಕ್ಕೆ ರಜೆಯಲ್ಲಿ ಹೋಗ್ತಾನಂತೆ. ಜೊತೆಗೆ ಕಳಿಸ್ಬಹುದು."

ನಾನು ಬೇಡ ಅನ್ನಲಿಲ್ಲ.

ನವೆಂಬರ್ 9 — ಶನಿವಾರ

ಮೂರು ವಾರ ಬರೆಯಲಿಲ್ಲ. ಬರೆಯುವಂಥದ್ದು ಮಾಡಿರಲಿಲ್ಲ.

ಇವತ್ತು ಬರೆಯಲೇಬೇಕು. ಮಾಮಿಯ ಬಲಗೈಯಲ್ಲಿ ನೀಲಿ ಗುರುತು ಉಂಟು. ನನ್ನ ಬೆರಳುಗಳದ್ದು. ಸಂಜೆ ನಮಾಝಿನ ಅಸರ್ ಬಾಂಗ್ ಆಯಿತು, ಅವರು ಕಂಬಳಿ ಕೀಳಲು ಹೋದರು. ನಾನು ಹಿಡಿದೆ. ಅವರು ಕೊಸರಿದರು. ನಾನು ಬಿಡಲಿಲ್ಲ. "ಸಾಯುವ ಮೊದಲು ನನ್ನನ್ನು ಸಾಯಿಸ್ತೀರಿ ನೀವು" ಅಂದೆ. ದೊಡ್ಡ ಸ್ವರದಲ್ಲಿ. ನನ್ನ ಬಾಯಿಯಿಂದ.

ಮಾಮಿ ಅಳಲಿಲ್ಲ. ನನ್ನ ಕೆನ್ನೆ ಸವರಿ, "ನಿನಗೆ ಜ್ವರವಾ ಖದೀಜತ್? ಮುಖ ಕೆಂಪಾಗಿದೆ" ಅಂದರು.

ಬಚ್ಚಲಲ್ಲಿ ನೀರು ಬಿಟ್ಟು ಅತ್ತೆ. ಡಿಸೆಂಬರ್ 12ನೇ ತಾರೀಕು ಬೇಗ ಬರಲಿ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮತ್ತೂ ಅತ್ತೆ. ನಾನು ಹೀಗೆ ಇದ್ದವಳಲ್ಲ. ಮದುವೆಗೆ ಮೊದಲು ನಮ್ಮ ಬೀದಿಯಲ್ಲಿ ನನ್ನ ದೊಡ್ಡ ನಗುವಿಗೆ ಬೈಗುಳ ಇತ್ತು. ಈಗ ಕನ್ನಡಿಯಲ್ಲಿ ಕಾಣುವವಳು ಯಾರೋ. ಮಾಮಿ ನನ್ನನ್ನು ಗುರುತು ಹಿಡಿಯುವುದಿಲ್ಲ ಅಂತ ಸಿಟ್ಟು ಮಾಡಿ ಏನು ಪ್ರಯೋಜನ.

ನವೆಂಬರ್ 14 — ಗುರುವಾರ

ಮಾಮಿ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಮಾಮಿ ಮನೆಯಿಂದ ಹೊರಗೆ ಹೋಗಿದ್ದರು. ಇವರು ಮಧ್ಯಾಹ್ನದ ಶಿಫ್ಟಿಗೆ ಹೊರಟ ಮೇಲೆ ಬೀಗ ಹಾಕಿದೆ ಅಂದುಕೊಂಡಿದ್ದೆ. ಹಾಕಿರಲಿಲ್ಲ. ಗೋಡೆಗೆ ಒರಗಿ ಕೂತಲ್ಲೇ ಕಣ್ಣು ಮುಚ್ಚಿದೆ. ಎದ್ದಾಗ ಬಾಗಿಲು ಹಾರುಹೊಡೆದಿತ್ತು. ಸೂರ್ಯ ಮುಳುಗಿ ಮಗ್ರಿಬ್ ಆಗಲಿಕ್ಕೆ ಸ್ವಲ್ಪವೇ ಹೊತ್ತು.

ಅಬಾಯ ಹಾಕಿಕೊಂಡು ಮೆಟ್ಟಿಲು ಇಳಿದೆ. ಕೆಳಗೆ ನಿಂತು ಗೊತ್ತಾಗಲಿಲ್ಲ, ಎಡವಾ ಬಲವಾ. ಎರಡು ವರ್ಷದಲ್ಲಿ ಒಬ್ಬಳೇ ಈ ಬೀದಿಗೆ ಇಳಿದದ್ದೇ ಇಲ್ಲ! ಆಮೇಲೆ ಹೊಳೆಯಿತು — ಸೂರ್ಯ ಎಲ್ಲುಂಟೋ ಮಾಮಿ ಅಲ್ಲಿ. ಪಡುಗಡೆಗೆ ಓಡಿದೆ.

ಎರಡು ಬೀದಿ ದಾಟಿ, ಕಡಲಕರೆಯ ರಸ್ತೆಯಲ್ಲಿ ಎದುರಿನಿಂದ ಬರುತ್ತಿದ್ದರು. ಒಬ್ಬಳ ಕೈ ಹಿಡಿದುಕೊಂಡು. ಅವಳ ಅಬಾಯದ ಕೆಳಗೆ ನರ್ಸುಗಳ ಬಿಳಿ ಶೂ. ಇಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದರು!

"ನಿಮ್ಮ ಅತ್ತೆಯಾ? ಆಸ್ಪತ್ರೆ ಬಸ್ಸಿಂದ ಇಳಿದೆ, ಈ ಅಜ್ಜಿ ಬಂದು 'ಕೋಟೆಪುರೊಗು ಏತ್ ದೂರ ಉಂಡು?' ಅಂತ ಕೇಳಿದ್ರು. ನನಗೆ ಎದೆ ಝಲ್ ಅಂತು ಮಾರಾಯ್ರೆ. ಯಾನ್ಬುವಲ್ಲಿ ಕೋಟೆಪುರ! ನಾನೂ ಆ ಕಡೆಗೇ ಅಂತ ಹೇಳಿ ಕೈ ಹಿಡ್ಕೊಂಡೆ."

ಹೆಸರು ವಾರಿಜಾಕ್ಷಿ. ಕಾಪುವಿನವಳು. ಗಂಡ ಬಂದರಿನಲ್ಲಿ ಕ್ರೇನ್ ಆಪರೇಟರ್. ಇರುವುದು ನಮ್ಮದೇ ಕಟ್ಟಡದಲ್ಲಿ, ಸರಿಯಾಗಿ ನಮ್ಮ ಕೆಳಗಿನ ಮನೆ. ಹನ್ನೊಂದು ತಿಂಗಳಿನಿಂದ. ಅವಳ ಒಗ್ಗರಣೆಯ ವಾಸನೆ ನನಗೆ ಬರುತ್ತಿತ್ತು. ಮಾಮಿ ಕಿರಿಚುವುದು ಅವಳಿಗೆ ಕೇಳುತ್ತಿತ್ತಂತೆ. ಟಿವಿ ಅಂದುಕೊಂಡಿದ್ದಳಂತೆ.

ನವೆಂಬರ್ 15 — ಶುಕ್ರವಾರ

ಇವರಿಗೆ ಹೇಳಿದೆ. ಎದ್ದು ಹೋಗಿ ಬಾಗಿಲಿನ ಚಿಲಕ ಎಳೆದು ನೋಡಿದರು. ಮತ್ತೆ, "ಇನ್ನು ಹೊರಗಿನಿಂದಲೂ ಒಂದು ಬೀಗ ಹಾಕುವ" ಅಂದರು.

ಆಗಲೇ ವಾರಿಜಾಕ್ಷಿ ಬಂದಳು. ಕುಚ್ಚಲಕ್ಕಿ ಗಂಜಿ, ಚಟ್ನಿ. ಇವರು ಒಳಕೋಣೆಗೆ ಹೋದರು. ಹೋದರೂ ಕಿವಿ ಇಲ್ಲೇ ಇತ್ತು ಅಂತ ನನಗೆ ಗೊತ್ತು. ವಾರಿಜಾಕ್ಷಿಗೂ ಗೊತ್ತಿತ್ತು. ಅವಳ ಸ್ವರ ಬೇಕೆಂದೇ ದೊಡ್ಡದಾಯಿತು.

"ಬೀಗ ಎಷ್ಟು ಹಾಕ್ತೀರಿ ಅಕ್ಕಾ? ಕಾಯಿಲೆ ಅಜ್ಜಿಗೆ. ಒಳಗೆ ಬಿದ್ದವರು ಇಬ್ಬರು. ನಾನು ವಾರ್ಡಲ್ಲಿ ನೋಡ್ತೇನೆ — ಜನ ಇಲ್ಲದಿದ್ರೆ ಇಂಥವರು ಬೇಗ ಇಳಿದು ಹೋಗ್ತಾರೆ. ನೋಡಿಕೊಳ್ಳುವವರು ಅವರಿಗಿಂತ ಮೊದಲು." ಆಮೇಲೆ ಮಾಮಿಯ ಕೈಯ ಗುರುತು ನೋಡಿದಳು. ಹಳದಿಯಾಗಿತ್ತು. ನನ್ನ ಮುಖ ನೋಡಿದಳು. "ನೀವು ಸರಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಂದಳು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾಮಿ ಎರಡು ಬಟ್ಟಲು ಗಂಜಿ ಕುಡಿದರು. ಮೂರು ತಿಂಗಳಿನಿಂದ ಅರ್ಧ ಬಟ್ಟಲು ದಾಟಿದವರಲ್ಲ.

ಎರಡನೇ ಬೀಗ ಬರಲಿಲ್ಲ.

ನವೆಂಬರ್ 20 — ಬುಧವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ವಾರಿಜಾಕ್ಷಿ ಸುಮ್ಮನಿರುವ ಜಾತಿಯಲ್ಲ. ಅಸರಿಗೆ ಮೊದಲು ಇಬ್ಬರನ್ನು ಕರೆದುಕೊಂಡೇ ಬಂದಳು. ಮೂರನೇ ಮಾಳಿಗೆಯ ಹೈದರಾಬಾದಿನವರು, ಖಲೀಲುರ್ರಹ್ಮಾನ್ ಸಾಹೇಬರ ಹೆಂಡತಿ, ದಪ್ಪಗೆ, ಬಾಯಿ ತುಂಬ ಪಾನ್. ಮತ್ತೊಬ್ಬಳು ಎದುರು ಕಟ್ಟಡದ ಸುಡಾನಿ ಹೆಂಗಸು, ನನಗಿಂತ ಒಂದು ಮೊಳ ಎತ್ತರ, ಕಂಕುಳಲ್ಲಿ ಮಗು. ಅವಳಿಗೆ ಅರಬಿ, ಹೈದರಾಬಾದಿನವರಿಗೆ ಉರ್ದು, ನಮಗೆ ನಮ್ಮದು. ಮಾಮಿ ಎಲ್ಲರೊಡನೆಯೂ ಬ್ಯಾರಿ ಭಾಷೆಯಲ್ಲೇ ಮಾತಾಡಿದರು. ಯಾರಿಗೂ ತೊಂದರೆ ಆಗಲಿಲ್ಲ.

ಬಾಂಗ್ ಆಯಿತು. ಈಗ ಮಾಮಿ ಕಂಬಳಿಯ ಕಡೆ ತಿರುಗುತ್ತಾರೆ, ಎಲ್ಲರೂ ನೋಡುತ್ತಾರೆ. ಇವರು ಹೆದರಿದ್ದು ಇದಕ್ಕೇ.

ಹೈದರಾಬಾದಿನವರು ಪಾನ್ ಉಗಿದು ಬಾಯಿ ತೊಳೆದು ಬಂದರು. ಸುಡಾನಿ ಹೆಂಗಸು ಮಗುವನ್ನು ವಾರಿಜಾಕ್ಷಿಯ ಮಡಿಲಿಗೆ ಹಾಕಿದಳು. ಸಾಲಾಗಿ ಮುಸಲ್ಲ ಹಾಸಿದೆವು. ಒಬ್ಬೊಬ್ಬರದ್ದೇ ನಮಾಝು, ಜಾಗ ಸಾಲದೆ ಭುಜಕ್ಕೆ ಭುಜ ತಾಗಿಸಿ ನಿಂತದ್ದು. ಮಾಮಿ ನೋಡಿದರು. ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು. ಹೈದರಾಬಾದಿನವರ ಮತ್ತು ನನ್ನ ನಡುವೆ ಒಂದು ಗೇಣು ಜಾಗ ಇತ್ತು, ಅಲ್ಲಿ ನುಗ್ಗಿ ನಿಂತರು. ನಮ್ಮ ಹಾಗೆಯೇ. ಮಕ್ಕಾದ ಕಡೆಗೆ!

ಕಟ್ಟಿದ ಕೈ ಬಿಡಲಿಲ್ಲ. ತಿರುಗಲಿಲ್ಲ. ನಮಾಝಿನ ನಾಲ್ಕು ರಕಅತ್ ಮುಗಿಯುವವರೆಗೆ ಅವರ ತೋಳು ನನ್ನ ತೋಳಿಗೆ ತಾಗಿಯೇ ಇತ್ತು. ಅಲ್ಲಾಹು ಕ್ಷಮಿಸಲಿ, ನನಗೆ ಒಂದು ಸೂರಃ ಸಹ ನೆಟ್ಟಗೆ ಬರಲಿಲ್ಲ.

ಮುಗಿಸಿ ಸುಡಾನಿ ಹೆಂಗಸನ್ನು ನೋಡಿ ಮಾಮಿ ನನ್ನ ಕಿವಿಯಲ್ಲಿ, "ಈ ಹುಡುಗಿ ಕೈ ಕಟ್ಟದೆ ನೇತಾಡಿಸ್ತಾಳೆ. ನಾಳೆಯಿಂದ ಕಲಿಸ್ಬೇಕು" ಅಂದರು. ಅವರ ಕಡೆ ಅದೇ ಕ್ರಮ ಅಂತ ಯಾರು ಹೇಳುವುದು!

ನವೆಂಬರ್ 21 — ಗುರುವಾರ

ಬೆಳಿಗ್ಗೆ ಪರೀಕ್ಷೆ ಮಾಡಿದೆ. ನಾನೊಬ್ಬಳೇ ಪಕ್ಕ ನಿಂತೆ. ಮಾಮಿ ನನ್ನ ಭುಜ ಹಿಡಿದು ತಿರುಗಿಸಿದರು. "ಪಡುಗಡೆ ಯಾವುದು ಅಂತ ಗೊತ್ತಿಲ್ವಾ ನಿನಗೆ, ಕತ್ತೆ!"

ಸರಿ. ನಾನು ತಂಗಿ. ತಂಗಿಯ ಮಾತು ಯಾರು ಕೇಳುತ್ತಾರೆ? ಸಂಜೆ ನಾವು ಮೂವರು ನಿಂತೆವು. ಮಾಮಿ ತಾವಾಗಿ ಬಂದು ನಮ್ಮೊಡನೆ ನಿಂತರು.

ಬುದ್ಧಿಯಲ್ಲಿ ಇರುವ ದಿಕ್ಕನ್ನು ಯಾರಿಂದಲೂ ಕೀಳಲಿಕ್ಕೆ ಆಗಲಿಲ್ಲ. ಆದರೆ ಹೆಂಗಸರ ಸಾಲಿನಲ್ಲಿ ಜಾಗ ಕಂಡರೆ ನಿಲ್ಲಬೇಕು ಅನ್ನುವುದು ಅವರ ಮೈಯಲ್ಲಿ ಉಂಟು. ಎಪ್ಪತ್ತು ವರ್ಷದ್ದು. ಅದು ಮರೆತಿಲ್ಲ. ನಾವು ಅವರನ್ನು ಒಬ್ಬರನ್ನೇ ನಿಲ್ಲಿಸಿ, ಆಮೇಲೆ ತಪ್ಪು ಅಂತ ಜಗಳ ಮಾಡುತ್ತಿದ್ದೆವು.

ಇವರಿಗೆ ಹೇಳಿದೆ. ನಂಬಲಿಲ್ಲ. "ಹನ್ನೆರಡನೇ ತಾರೀಕಿನ ಟಿಕೆಟ್ ಬಂದಿದೆ" ಅಂತ ಟೇಬಲ್ ಮೇಲೆ ಇಟ್ಟರು. "ಸುಬೈದಾ, ನಿನ್ನ ಮುಖ ನೋಡ್ಲಿಕ್ಕೆ ಆಗುವುದಿಲ್ಲ ನನಗೆ. ನಿನ್ನನ್ನೂ ಕಳ್ಕೊಳ್ಳಲಾ?"

ಎರಡು ವರ್ಷದಲ್ಲಿ ಇವರು ನನ್ನ ಮುಖ ನೋಡುತ್ತಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಕಳಿಸ್ಬೇಡಿ" ಅಂದೆ. ಮೊದಲ ಸಲ.

ನವೆಂಬರ್ 30 — ಶನಿವಾರ

ಇವರಿಗೆ ಈ ವಾರ ಮತ್ತೆ ಮಾರ್ನಿಂಗ್. ವಾಪಸಿನ ಬಸ್ಸು ಬೇಗ ಬಂದಿದೆ. ಮೆಟ್ಟಿಲು ಹತ್ತಿದ್ದಾರೆ, ಬಾಗಿಲ ಹೊರಗೆ ಹೆಂಗಸರ ಚಪ್ಪಲಿ ಕಂಡಿದ್ದಾರೆ. ಒಳಗೆ ಹೆಂಗಸರಿರುವಾಗ ಗಂಡಸು ಬರುವ ಹಾಗಿಲ್ಲ. ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾರೆ. ಎಷ್ಟು ಹೊತ್ತು ಅಂತ ನಮಗೆ ಗೊತ್ತಿಲ್ಲ.

ನಾವು ಒಳಗೆ ಕುರ್‌ಆನಿನ ಯಾಸೀನ್ ಓದುತ್ತಿದ್ದೆವು. ಹೈದರಾಬಾದಿನವರದ್ದು ಗಾಡಿ ಓಡಿಸಿದ ಹಾಗೆ ಓದು. ಮಾಮಿ ಅವರ ತೊಡೆಗೆ ಫಟ್ಟಂತ ಹೊಡೆದು ನಿಲ್ಲಿಸಿದರು. "ಅಲ್ಲಿ ಎಳೀಬೇಕು. ಉಸಿರು ಕಟ್ಟಿ ಓಡುವುದು ಎಂತಕ್ಕೆ, ಹಿಂದೆ ನಾಯಿ ಬರ್ತದಾ? ಪುನಃ ಓದು!" ಓದಿ ತೋರಿಸಿದರು. ಒಂದು ಅಕ್ಷರ ತಪ್ಪಿಲ್ಲ. ಹೈದರಾಬಾದಿನವರಿಗೆ ಭಾಷೆ ತಿಳಿಯಲಿಲ್ಲ, ಏಟು ತಿಳಿಯಿತು. "ಜೀ ಉಸ್ತಾನಿ ಜೀ" ಅಂದು ಪುನಃ ಓದಿದರು. ವಾರಿಜಾಕ್ಷಿ ಅಡಿಗೆಮನೆಯಲ್ಲಿ ನಕ್ಕು ನಕ್ಕು ಚಹಾ ಚೆಲ್ಲಿದಳು.

ಅವರೆಲ್ಲ ಹೊರಡಲು ಬಾಗಿಲು ತೆರೆದರೆ ಇವರು. ಎದ್ದು ಗೋಡೆಗೆ ತಿರುಗಿ ನಿಂತು ದಾರಿ ಬಿಟ್ಟರು. ಭುಜ ಅಲುಗಾಡುತ್ತಿತ್ತು.

ಒಳಗೆ ಬಂದು ಮಾಮಿಯ ಎದುರು ನೆಲದಲ್ಲಿ ಕೂತರು. ಮಾಮಿ ಅವರನ್ನು ನೋಡಿ, "ನೀನು ತಡ ಮಾಡಿ ಬಂದದ್ದು. ಪಾಠ ಮುಗೀತು. ನಾಳೆ ಬಾ" ಅಂದರು.

"ಆಯ್ತು" ಅಂದರು ಇವರು. "ನಾಳೆ ಬೇಗ ಬರ್ತೇನೆ."

ಡಿಸೆಂಬರ್ 4 — ಬುಧವಾರ

ಇವರು ವೀಸಾ ಆಫೀಸಿಗೆ ಹೋಗಿದ್ದಾರಂತೆ. ನನಗೆ ಹೇಳಲಿಲ್ಲ. ಕೆಳಗಿನ ಬಕಾಲದ, ಅಂದರೆ ದಿನಸಿ ಅಂಗಡಿಯ, ಕೋಯಾಕ ವಾರಿಜಾಕ್ಷಿಗೆ ಹೇಳಿ, ಅವಳು ನನಗೆ ಹೇಳಿದ್ದು. ಈಗ ನನಗೆ ಸುದ್ದಿ ಬರಲಿಕ್ಕೆ ದಾರಿಗಳುಂಟು.

ಬಂದು ಊಟಕ್ಕೆ ಕೂತಾಗ ಹೇಳಿದರು, "ಹಸನ್ ಕುಂಞಿಗೆ ಲಗೇಜ್ ಜಾಸ್ತಿಯಂತೆ. ಉಮ್ಮನನ್ನು ಕರ್ಕೊಂಡು ಹೋಗುವುದು ಕಷ್ಟವಂತೆ."

ಸುಳ್ಳು ಹೇಳಲಿಕ್ಕೆ ಬರುವುದಿಲ್ಲ ಇವರಿಗೆ. ಲಗೇಜಿನ ಕಷ್ಟ ನಾನೂ ಒಪ್ಪಿದೆ. ವೀಸಾ ಮೂರು ತಿಂಗಳು ಮುಂದೆ ಹಾಕಿ ಕೊಟ್ಟಿದ್ದಾರೆ. ಆಮೇಲೆ ಪುನಃ ಕೇಳಬೇಕು. ಭಾವನಿಗೆ ಕಾಗದ ಇವರೇ ಬರೆದರು. ಚಿಲಕದ ವಿಷಯ ಏನು ಬರೆದರೋ, ನನಗೆ ತೋರಿಸಲಿಲ್ಲ.

ಸಂಜೆ ಸುತ್ತಿಗೆ ತಂದು ಕಿಟಕಿಯ ಮೊಳೆ ಕಿತ್ತರು. ಕಂಬಳಿ ಬಿತ್ತು, ಎರಡು ತಿಂಗಳ ಧೂಳು. ಎದುರಿನ ಎರಡು ಕಟ್ಟಡಗಳ ನಡುವೆ ಬೆರಳಗಲ ಕಡಲು. ಮಾಮಿ ನೋಡುತ್ತಾ ನಿಂತರು. "ದೋಣಿ ಬಂದಿಲ್ಲ ಇನ್ನೂ" ಅಂದರು. ಇವರು ಪಕ್ಕದಲ್ಲಿ ನಿಂತು, "ಬರ್ತದೆ ಉಮ್ಮ" ಅಂದರು.

ಡಿಸೆಂಬರ್ 12 — ಗುರುವಾರ. ಅಸರಿಗೆ ಮೊದಲು

ಈ ಹೊತ್ತಿಗೆ ಮಾಮಿ ವಿಮಾನದಲ್ಲಿ ಇರಬೇಕಿತ್ತು. ಕಿಟಕಿಯ ಹತ್ತಿರ ಕೂತು ಬಟಾಣಿ ಸುಲಿಯುತ್ತಿದ್ದಾರೆ. ಕಾಳು ನೆಲಕ್ಕೆ, ಸಿಪ್ಪೆ ಪಾತ್ರೆಗೆ. ಇರಲಿ.

ಗುಣವಾಗಿದೆ ಅಂತ ಬರೆದರೆ ಸುಳ್ಳು. ಸೋಮವಾರ ತುತ್ತು ಬಾಯಿಗಿಟ್ಟು ಜಗಿಯುವುದನ್ನೇ ಮರೆತಿದ್ದರು. ನನ್ನ ಹೆಸರು ಈಗಲೂ ಬರುವುದಿಲ್ಲ. ನಾಲ್ಕನೇ ಚಹಾ ಈಗಲೂ ಉಂಟು, ಆದರೆ ಅದನ್ನು ಕೊಡುವವರು ಹೈದರಾಬಾದಿನವರು. ಆ ಹೊತ್ತಿಗೆ ನಾನು ಒಂದು ಗಂಟೆ ಮಲಗುತ್ತೇನೆ. ವಾರಿಜಾಕ್ಷಿಯ ಆರ್ಡರ್.

ಮೊನ್ನೆ ಮಾಮಿ ಪುನಃ ಮೆಟ್ಟಿಲು ಇಳಿದರು. ಕೋಯಾಕ ನೋಡಿ ಪೆಪ್ಸಿ ಕ್ರೇಟಿನ ಮೇಲೆ ಕೂರಿಸಿ, ಕೈಗೊಂದು ಬಿಸ್ಕಿಟ್ ಕೊಟ್ಟು ಹೇಳಿ ಕಳಿಸಿದರು. ಕೆಳಗೆ ಹೋಗಿ ನೋಡಿದರೆ ಅಂಗಡಿಗೆ ಬಂದವರಿಗೆಲ್ಲ ಸಲಾಂ ಹೇಳುತ್ತಾ ಗತ್ತಿನಲ್ಲಿ ಕೂತಿದ್ದಾರೆ. ಇಡೀ ಬೀದಿಗೇ ಈಗ ಮಾಮಿಯ ಗುರುತು ಉಂಟು. ಇವರು ಬಾಗಿಲಿಗೆ ಒಂದು ಸೈಕಲ್ ಬೆಲ್ ಕಟ್ಟಿದ್ದಾರೆ, ತೆರೆದರೆ ಕೇಳುತ್ತದೆ.

ನಿನ್ನೆ ನಾನು ನಕ್ಕದ್ದು ಕೆಳಗಿನ ಮನೆಗೆ ಕೇಳಿತಂತೆ. ಟಿವಿ ಅಂದುಕೊಳ್ಳಲಿಲ್ಲವಂತೆ.

ಬಾಂಗ್ ಆಯಿತು. ಮೆಟ್ಟಿಲಲ್ಲಿ ಚಪ್ಪಲಿ ಸದ್ದು. ಏಳಬೇಕು. ಕುತ್ತಿಗೆಗೆ ಕೈ ಹಾಕಿದೆ — ಬೀಗದ ಕೈ ಇಲ್ಲ. ಯಾವಾಗ ತೆಗೆದೆ? ಎಲ್ಲಿಟ್ಟೆ? ನೆನಪೇ ಇಲ್ಲ... ಈಗ ಮರೆಯುವ ಸರದಿ ನನ್ನದು. ಹುಡುಕುವುದಿಲ್ಲ.

ಸೈಕಲ್ ಬೆಲ್. ಮಾಮಿ ನನಗಿಂತ ಮೊದಲೇ ಎದ್ದು ಬಾಗಿಲು ತೆರೆದಿದ್ದಾರೆ. "ಬನ್ನಿ, ಬನ್ನಿ. ಖದೀಜತ್, ಚಾಪೆ ಹಾಕು. ಸಾಲಿನಲ್ಲಿ ಇನ್ನೂ ಒಬ್ಬರಿಗೆ ಜಾಗ —"